ಮಳೆಗಾಲಕ್ಕೆ ಮುನ್ನ: ಕೊಡಗಿನ ಸಣ್ಣ ಪಟ್ಟಣದಲ್ಲಿ ವಸತಿರಹಿತರ ತಂಗುದಾಣವನ್ನು ವಿಸ್ತರಿಸುವ ಬಗೆ

ಕೊಡಗಿನಲ್ಲಿ ತುರ್ತು ಆಶ್ರಯ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು 2018ರ ಆಗಸ್ಟ್ ತಿಂಗಳ ಗಂಜಿ ಕೇಂದ್ರಗಳು. ಈಗ ಕಾಳಜಿ ಕೇಂದ್ರವೆಂದು ಕರೆಯಲಾಗುವ ಅವು, ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿದೋ ಹೊಳೆ ಉಕ್ಕಿಯೋ ಮನೆ ಬಿಟ್ಟು ಬಂದವರಿಗಾಗಿ ಜಿಲ್ಲಾಡಳಿತದ ಆದೇಶದಂತೆ ತೆರೆದು, ಮಳೆ ತಗ್ಗಿದ ಬಳಿಕ ಮುಚ್ಚುತ್ತವೆ. ಬಿಟ್ಟು ಬರಲು ಮನೆಯೇ ಇಲ್ಲದವರ ಸಂಗತಿ ಬೇರೆ. ಬಸ್ ನಿಲ್ದಾಣದ ಬೆಂಚು, ಸಂತೆ ಕಟ್ಟೆ, ಅಂಗಡಿ ಸಾಲಿನ ಜಗಲಿ, ಆಸ್ಪತ್ರೆಯ ಪಡಸಾಲೆ ಮುಂತಾದೆಡೆ ರಾತ್ರಿ ಕಳೆಯುವ ಇವರಿಗಾಗಿ ಪಟ್ಟಣದಲ್ಲಿ ಹತ್ತು ಹನ್ನೆರಡು ಜನರ ತಂಗುದಾಣವೊಂದು ಇದೆಯೆಂದು ಭಾವಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ದುಪ್ಪಟ್ಟು ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕೆಲಸ ಎಣಿಕೆ. ಹಗಲಿನ ಎಣಿಕೆಯಲ್ಲಿ ಭಿಕ್ಷೆ ಬೇಡುವವರಷ್ಟೇ ಕಣ್ಣಿಗೆ ಬೀಳುತ್ತಾರೆ. ಕೂಲಿಗೆ ಹೋಗುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಮಗನ ಮನೆಯಿಂದ ಹೊರಬಿದ್ದ ವೃದ್ಧರು ಲೆಕ್ಕಕ್ಕೆ ಸಿಗುವುದು ರಾತ್ರಿ ಹತ್ತು ಗಂಟೆಯ ನಂತರವೇ. ಕೊಯ್ಲಿನ ಕಾಲದಲ್ಲಿ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರಿಗಾಗಿ ಮಾಲೀಕರು ಕಟ್ಟಿಸಿದ ಸಾಲುಮನೆ) ಇದ್ದು, ಕೆಲಸ ಮುಗಿದಾಗ ಊರಿಗೂ ಮರಳದೆ ಉಳಿದುಕೊಂಡವರನ್ನು, ಹಾಗೆಯೇ ವಯಸ್ಸಾಗಿ ಕೆಲಸದೊಂದಿಗೆ ಲೈನ್ ಮನೆಯನ್ನೂ ಕಳೆದುಕೊಂಡವರನ್ನು ಪ್ರತ್ಯೇಕವಾಗಿ ಗುರುತಿಸಬೇಕು, ಏಕೆಂದರೆ ಇವರಿಗೆ ಮುಂದೆ ಬೇಕಾಗುವ ನೆರವು ಬೇರೆ ಬಗೆಯದು. ಎಣಿಕೆಗೆ ಹೋಗುವವರು ಪೊಲೀಸರನ್ನು ಜೊತೆಗೆ ಕರೆದೊಯ್ಯದಿರುವುದು ಒಳ್ಳೆಯದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸಾಗಿಸುತ್ತಾರೆ ಎಂಬ ಭಯ ಬೀದಿಯಲ್ಲಿ ಮಲಗುವವರಿಗೆ ಇದ್ದೇ ಇದೆ. ಒಮ್ಮೆ ಹಾಗೆ ಶಂಕೆ ಮೂಡಿದರೆ, ಎಷ್ಟೇ ಒಳ್ಳೆಯ ಕಟ್ಟಡ ಕೊಟ್ಟರೂ ಅವರು ಅದರ ಹತ್ತಿರ ಸುಳಿಯುವುದಿಲ್ಲ.

ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಒಂದು ಲಕ್ಷ ನಗರವಾಸಿಗಳಿಗೆ ನೂರು ಜನರ ತಂಗುದಾಣ ಬೇಕೆಂದು ಹೇಳಿತ್ತು. 2011ರ ಜನಗಣತಿಯಂತೆ ಮಡಿಕೇರಿಯ ಜನಸಂಖ್ಯೆ 33,381 ಆಗಿದ್ದುದರಿಂದ, ಆ ಅನುಪಾತದಲ್ಲಿ ಅಲ್ಲಿ ಮೂವತ್ತಮೂರು ಜನರಿಗೆ ಜಾಗವಿರಬೇಕಾಗುತ್ತದೆ. ನಗರಸಭೆಯ ಮುಂದೆ ಮನವಿ ಇಡುವಾಗ ಈ ಲೆಕ್ಕದ ಪಕ್ಕದಲ್ಲಿ ರಾತ್ರಿಯ ಎಣಿಕೆಯನ್ನೂ ಇಟ್ಟರೆ ಮಾತಿಗೆ ತೂಕ ಬರುತ್ತದೆ. ಅದೇ ಮಾರ್ಗಸೂಚಿಯಂತೆ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಬೇಕು. ಅಂದರೆ 30 ಅಡಿ ಅಗಲ, 40 ಅಡಿ ಉದ್ದದ ಸಭಾಂಗಣದಲ್ಲಿ 24 ಜನರು ಮಲಗಬಹುದು. ಚಾಪೆಗೆ ಚಾಪೆ ತಾಗಿಸಿ ಐವತ್ತು ಜನರನ್ನು ತುಂಬಿದರೆ ಕಜ್ಜಿಯೂ ಕ್ಷಯವೂ ಸುಲಭವಾಗಿ ಹರಡುತ್ತವೆ. ಇಪ್ಪತ್ತು ಜನರಿಗೆ ಒಂದು ಶೌಚಾಲಯ, ದಿನಕ್ಕೆ ತಲಾ 15 ಲೀಟರ್ ನೀರು ಎಂಬುದು ಪರಿಹಾರ ಕಾರ್ಯದಲ್ಲಿ ಎಲ್ಲೆಡೆ ಒಪ್ಪಿದ ಕನಿಷ್ಠ ಮಟ್ಟ.

ಹೊಸ ಕಟ್ಟಡ ಕಟ್ಟಲು ಹೊರಟರೆ ಎರಡು ಮಳೆಗಾಲ ಕಳೆದೇ ಹೋಗುತ್ತವೆ. ಅದರ ಬದಲು ಇರುವ ಸಭಾಂಗಣಗಳ ಕಡೆ ನೋಡಬೇಕು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಕೊಡಗಿನಲ್ಲಿ ಮದುವೆ ಮೊದಲಾದ ಶುಭಕಾರ್ಯಗಳು ನಡೆಯುವುದಿಲ್ಲ. ಮಳೆ ಬಿಡದೆ ಹೊಯ್ಯುವ ಆ ತಿಂಗಳಲ್ಲೇ ಸಮಾಜಗಳ (ಜನಾಂಗವಾರು ಸಂಘಗಳ) ಮತ್ತು ಸಮುದಾಯ ಭವನಗಳ ದೊಡ್ಡ ಕೊಠಡಿಗಳು ಖಾಲಿ ಬಿದ್ದಿರುತ್ತವೆ ಎಂಬುದನ್ನು ಆಡಳಿತ ಮಂಡಳಿಗಳಿಗೆ ನೆನಪಿಸಿ, ಏಪ್ರಿಲ್‌ನಲ್ಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ವಿದ್ಯುತ್ ಬಿಲ್ಲು ಯಾರದು, ಒಡೆದ ಗಾಜಿನ ಹೊಣೆ ಯಾರದು, ಯಾವ ದಿನ ಬೀಗದ ಕೈ ಮರಳಿಸಬೇಕು ಎಂಬ ಮೂರು ಸಂಗತಿಗಳಾದರೂ ಅದರಲ್ಲಿ ಇರಲೇಬೇಕು. ಜಿಲ್ಲಾಡಳಿತಕ್ಕೆ ಕಾಳಜಿ ಕೇಂದ್ರಕ್ಕಾಗಿ ಅದೇ ಕಟ್ಟಡ ಬೇಕಾಗಬಹುದಾದ್ದರಿಂದ, ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಕ್ಷೇಮ. ಶಾಲೆಗಳನ್ನು ಕೇಳದಿರುವುದೇ ಲೇಸು, ಮಳೆಯ ರಜೆ ಮುಗಿದ ಮರುದಿನ ಮಕ್ಕಳು ಬಂದು ನಿಲ್ಲುತ್ತಾರೆ. ಕಟ್ಟಡದ ಹಿಂದೆ ಕಡಿದ ಬರೆ ಇದ್ದರೆ, ಅದರಲ್ಲಿ ಬಿರುಕು ಕಾಣಲಿ ಕಾಣದಿರಲಿ, ಆ ಜಾಗವನ್ನು ಕೈಬಿಡಬೇಕು. ಕುಶಾಲನಗರದ ಕಡೆಯವರು ಕಾವೇರಿಯ ನೀರು ನುಗ್ಗುವ ಬಡಾವಣೆಗಳನ್ನು ಬಿಟ್ಟು ಎತ್ತರದ ಜಾಗ ಹುಡುಕಬೇಕು. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿಲ್ಲದಿದ್ದರೆ, ಜಡಿಮಳೆಯಲ್ಲಿ ಅಲ್ಲಿಗೆ ಯಾರೂ ಬರುವುದಿಲ್ಲ.

ಇಷ್ಟಾದ ಮೇಲೆ ಎಲ್ಲರೂ ಕಂಬಳಿ ಸಂಗ್ರಹಿಸಲು ಹೊರಡುತ್ತಾರೆ. ಕಂಬಳಿ ಸಿಗುವುದು ಕಷ್ಟವಲ್ಲ, ಅದನ್ನು ಒಣಗಿಸುವುದು ಕಷ್ಟ. ಆಷಾಢದ ಮಡಿಕೇರಿಯಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ತಂಪಾಗಿಯೇ ಇದ್ದು, ಐದನೆಯ ದಿನ ಬೂಷ್ಟು ಹಿಡಿಯುತ್ತದೆ. ನೆನೆದು ಬಂದವನಿಗೆ ಒಣ ಉಡುಪು ಕೊಡಲಾಗದ ತಂಗುದಾಣವು ಅಂಗಡಿ ಜಗಲಿಗಿಂತ ಹೆಚ್ಚೇನನ್ನೂ ಕೊಟ್ಟಂತಾಗದು. ಆದ್ದರಿಂದ ಕಟ್ಟಡದ ಹಿಂಬದಿಗೆ ತಗಡಿನ ಮಾಡು ಇಳಿಸಿ, ಅದರ ಕೆಳಗೆ ಬಿಸಿನೀರಿನ ಹಂಡೆಯ ಒಲೆ ಹೂಡಿ, ಒಲೆಯಿಂದ ಸಾಕಷ್ಟು ಎತ್ತರದಲ್ಲಿ ಹಗ್ಗ ಕಟ್ಟಿದರೆ, ಒಂದೇ ಸೌದೆಯಲ್ಲಿ ಸ್ನಾನದ ನೀರೂ ಕಾಯುತ್ತದೆ, ಬಟ್ಟೆಯೂ ಒಣಗುತ್ತದೆ. ತಲಾ ಎರಡು ಕಂಬಳಿ ಇದ್ದರೆ ಒಂದು ಹೊದೆಯಲು, ಇನ್ನೊಂದು ಹಗ್ಗದ ಮೇಲೆ. ಸೌದೆಯನ್ನು ಮೇ ತಿಂಗಳೊಳಗೆ ತರಿಸಿ ಒಳಗೆ ಪೇರಿಸಿಡಬೇಕು. ಮನೆಯ ರೂಢಿಯಂತೆ ಅಗ್ಗಿಷ್ಟಿಕೆಯನ್ನು ಮಲಗುವ ಕೊಠಡಿಗೆ ತಂದಿಡುವುದನ್ನು ಮಾತ್ರ ಖಡಾಖಂಡಿತವಾಗಿ ನಿಷೇಧಿಸಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡದಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ಇಲ್ಲಿ ಹೊಸತಲ್ಲ. ಕರೆಂಟು ಇರುವಾಗಲೇ ಮೇಲಿನ ಟ್ಯಾಂಕು ತುಂಬಿಸುವ ಅಭ್ಯಾಸವಿರಬೇಕು, ಶೌಚಾಲಯಕ್ಕೆ ಹೋಗುವ ದಾರಿಯ ದೀಪಕ್ಕಾದರೂ ಇನ್ವರ್ಟರ್ ಇರಬೇಕು.

ಸಿಬ್ಬಂದಿಯ ವಿಷಯದಲ್ಲಿ ಉಳಿತಾಯ ಸಲ್ಲದು. ಹಗಲು ಅನ್ನ ಬಡಿಸಲು ಸ್ವಯಂಸೇವಕರು ಸರದಿಯಲ್ಲಿ ನಿಲ್ಲುತ್ತಾರೆ, ಆದರೆ ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದಾಗ ಎದ್ದು ತೆಗೆಯುವವರು ಸಂಬಳವಿಲ್ಲದೆ ಹೆಚ್ಚು ದಿನ ಉಳಿಯುವುದಿಲ್ಲ. ಒಬ್ಬ ವ್ಯವಸ್ಥಾಪಕ, ಎಂಟು ಗಂಟೆಯ ಪಾಳಿಗೆ ಒಬ್ಬರಂತೆ ಮೂವರು ಆರೈಕೆದಾರರು ಎಂಬುದು ಮಾರ್ಗಸೂಚಿಯ ಲೆಕ್ಕ. ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ, ಒಳಗಿನಿಂದ ಹಾಕಿಕೊಳ್ಳಲು ಅಗಳಿ ಮತ್ತು ಮಹಿಳಾ ಆರೈಕೆದಾರರು ಇಲ್ಲದಿದ್ದರೆ ಅವರನ್ನು ಇಲ್ಲಿ ಸೇರಿಸಿಕೊಳ್ಳದೆ, 181 ಮಹಿಳಾ ಸಹಾಯವಾಣಿಯ ಮೂಲಕ ಬೇರೆಡೆ ವ್ಯವಸ್ಥೆ ಮಾಡುವುದೇ ಪ್ರಾಮಾಣಿಕತೆ. ಕುಡಿದು ಬಂದವರನ್ನು ಹೊರಗಟ್ಟುವ ನಿಯಮ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಕೊಡಗಿನ ಚಳಿಮಳೆಯಲ್ಲಿ ಅದು ಒಬ್ಬನ ಪ್ರಾಣ ತೆಗೆಯಬಹುದಾದ್ದರಿಂದ, ಒಳಗೆ ಕುಡಿಯಬಾರದು, ಜಗಳ ಮಾಡಬಾರದು ಎಂಬಷ್ಟಕ್ಕೆ ನಿಯಮವನ್ನು ನಿಲ್ಲಿಸಿ, ಬಾಗಿಲ ಬಳಿಯ ಮೂಲೆಯನ್ನು ಅಂಥವರಿಗಾಗಿ ಬಿಡುವುದು ಸೂಕ್ತ. ಆಧಾರ್ ಚೀಟಿ ಇಲ್ಲವೆಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳುಹಿಸಬಾರದು. ಹೆಸರು, ಊರು, ಕಾಯಿಲೆ, ತಿಳಿಸಬೇಕಾದವರ ಫೋನ್ ಸಂಖ್ಯೆ ಇಷ್ಟು ದಾಖಲಾದರೆ ಸಾಕು.

ಕೆಸರುನೀರಿನಲ್ಲಿ ನಡೆದು ಬರುವವರಿಗೆ ಇಲಿಜ್ವರದ ಅಪಾಯವಿರುವುದರಿಂದ, ಜ್ವರ ಕಂಡ ದಿನವೇ ಆಸ್ಪತ್ರೆಗೆ ಕಳುಹಿಸಬೇಕು. ಮಾನಸಿಕ ಅಸ್ವಸ್ಥರಾಗಿ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುವವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ ಪೊಲೀಸರ ಕರ್ತವ್ಯ. ಠಾಣೆಯಲ್ಲಿ ಇದನ್ನು ವಿನಯದಿಂದಲೇ ನೆನಪಿಸಬಹುದು. ವೃದ್ಧರಿಗಾಗಿ 14567, ಮಕ್ಕಳಿಗಾಗಿ 1098 ಸಹಾಯವಾಣಿ ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು.

ಕಕ್ಕಡ ಮುಗಿದರೂ ಮಳೆ ಮುಗಿಯುವುದಿಲ್ಲ, ಆದರೆ ಸಭಾಂಗಣಕ್ಕೆ ಬುಕಿಂಗ್ ಶುರುವಾಗುತ್ತದೆ. ಸೆಪ್ಟೆಂಬರ್‌ವರೆಗಿನ ವಾರಗಳಿಗಾಗಿ ಖಾಲಿ ಇರುವ ಸರ್ಕಾರಿ ವಸತಿಗೃಹ ಅಥವಾ ಗೋದಾಮನ್ನು ಮೊದಲೇ ಗೊತ್ತು ಮಾಡಿಕೊಂಡು, ಬೀಗದ ಕೈ ಮರಳಿಸುವ ದಿನಕ್ಕೆ ಎರಡು ವಾರ ಮುಂಚೆಯೇ ಒಬ್ಬೊಬ್ಬರನ್ನೂ ಕೂರಿಸಿ ಮುಂದೆ ಎಲ್ಲಿಗೆ ಎಂದು ಮಾತನಾಡಬೇಕು: ಊರಿಗೆ ಹೋಗುವವರಿಗೆ ಬಸ್ಸಿನ ಚಾರ್ಜು, ವೃದ್ಧಾಪ್ಯ ವೇತನಕ್ಕೆ ಅರ್ಹರಾದವರಿಗೆ ನಾಡಕಚೇರಿಯಲ್ಲಿ ಅರ್ಜಿ, ದುಡಿಯಬಲ್ಲವರಿಗೆ ಲೈನ್ ಮನೆಯಿರುವ ತೋಟದಲ್ಲಿ ಕೆಲಸ, ಉಳಿದವರಿಗೆ ಹಳೆಯ ತಂಗುದಾಣದಲ್ಲಿಯೇ ಜಾಗ.