ಮಿಶ್ರ ಹಿಂಡಿನಲ್ಲಿ ಮೊಟ್ಟೆ ಇಡುವ ಕೋಳಿ ಯಾವುದು? ನನ್ನ ಅನುಭವ

ನಾಟಿ, ಸ್ವರ್ಣಧಾರಾ, ಗ್ರಾಮಪ್ರಿಯ, ಬೋಳುಕತ್ತು, ಕಡಕ್‌ನಾಥ್ ಎಲ್ಲವನ್ನೂ ಒಂದೇ ತೆಂಗಿನ ತೋಟದಲ್ಲಿ ಬಿಟ್ಟು, ರಾತ್ರಿ ಒಂದೇ ಗೂಡಿಗೆ ಸೇರಿಸಿ, ಮೊಟ್ಟೆಯಲ್ಲಿ ಲಾಭ ತೆಗೆಯುತ್ತೇನೆ ಎಂದಾಗ ನಮ್ಮ ತಿಪಟೂರು ಸೀಮೆಯಲ್ಲಿ ನಂಬಿದವರು ಯಾರೂ ಇರಲಿಲ್ಲ. "ದೊಡ್ಡ ಕೋಳಿ ಮೇವು ತಿನ್ನುತ್ತದೆ, ನಾಟಿ ಕೋಳಿ ಒದೆ ತಿನ್ನುತ್ತದೆ, ನೀನು ನಷ್ಟ ತಿನ್ನುತ್ತೀಯ" ಎಂದರು ನಮ್ಮ ಭಾವ. ಬ್ರಾಯ್ಲರ್ ಶೆಡ್ ನಡೆಸಿದವರು, ಅವರ ಮಾತಿಗೆ ತೂಕವಿತ್ತು. ಈಗ ಸುಮಾರು ಅರವತ್ತು ಹೇಂಟೆಗಳಿವೆ. ಚಳಿಗಾಲ ಕಳೆದ ಮೇಲೆ ದಿನಕ್ಕೆ ಮೂವತ್ತರ ಹತ್ತಿರ ಮೊಟ್ಟೆ ಸಿಗುತ್ತಿದೆ. ಮೊದಲು ಇಷ್ಟೇ ಕೋಳಿ, ಇಷ್ಟೇ ಮೇವು ಇದ್ದಾಗ ಹನ್ನೆರಡು, ಹದಿನೈದು ಸಿಕ್ಕರೆ ಹೆಚ್ಚು.

ವ್ಯತ್ಯಾಸವಾದದ್ದು ಮೇವಿನಿಂದಲ್ಲ, ಔಷಧಿಯಿಂದಲೂ ಅಲ್ಲ. ಯಾವ ಕೋಳಿ ಇಡುತ್ತಿದೆ, ಯಾವುದು ಬಿಟ್ಟಿ ತಿನ್ನುತ್ತಿದೆ ಎಂದು ಪ್ರತಿ ತಿಂಗಳು ಕೈಯಿಂದ ಮುಟ್ಟಿ ನೋಡಿ ಬೇರೆ ಮಾಡಿದ್ದರಿಂದ. ಒಂದೇ ತಳಿ ಸಾಕುವವರಿಗೆ ಇದು ಸುಲಭ. ಮಿಶ್ರ ಹಿಂಡಿನಲ್ಲಿ ಒಂದು ತಳಿಯ ಗುರುತು ಇನ್ನೊಂದಕ್ಕೆ ಸುಳ್ಳಾಗುತ್ತದೆ.

ಉದಾಹರಣೆಗೆ ಕಾಲಿನ ಬಣ್ಣ. ಹಳದಿ ಕಾಲಿನ ಹೇಂಟೆ ಮೊಟ್ಟೆಗೆ ನಿಂತ ಮೇಲೆ ಹಳದಿ ಕಳೆದುಕೊಳ್ಳುತ್ತಾ ಹೋಗುತ್ತದೆ. ಮೊದಲು ಮೊಟ್ಟೆ ದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ಕಿವಿ, ಕೊಕ್ಕು, ಕೊನೆಗೆ ಕಾಲು. ಕಾಲು ಬಿಳಿಚಿಕೊಂಡಿದ್ದರೆ ಅದು ತಿಂಗಳುಗಟ್ಟಲೆ ಇಟ್ಟ ಕೋಳಿ. ನೋಡುವುದಕ್ಕೆ ಬಡವಾಗಿ ಕಾಣುತ್ತದೆ. ಹಳದಿ ಕಾಲು ಮಿಂಚಿಸಿಕೊಂಡು ಓಡಾಡುವುದನ್ನು ಉಳಿಸಿ, ಬಿಳಿಚಿದ್ದನ್ನು ಮಾರುವವರನ್ನು ಸಂತೆಯಲ್ಲಿ ಈಗಲೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಆದರೆ ಕಪ್ಪು ಕಾಲಿನ ನಾಟಿಗೆ ಈ ಲೆಕ್ಕ ನಡೆಯುವುದಿಲ್ಲ. ಕಡಕ್‌ನಾಥ್‌ಗೆ ಇಡುವ ಗುರುತಾಗಿ ಜುಟ್ಟು ಕೆಂಪಾಗಿದೆಯೇ ಎಂದು ನೋಡುವಂತೆಯೂ ಇಲ್ಲ, ಅದರ ಜುಟ್ಟೇ ಕಪ್ಪು. ಬೋಳುಕತ್ತಿನ ಕತ್ತು ಬಿಸಿಲಿಗೇ ಕೆಂಪಾಗಿರುತ್ತದೆ, ಅದನ್ನು ನಂಬಬಾರದು.

ಎಲ್ಲ ತಳಿಗೂ ಸಲ್ಲುವುದು ಸೊಂಟದ ಎಲುಬಿನ ಅಳತೆ ಒಂದೇ. ರಾತ್ರಿ ಗೂಡಿನಲ್ಲಿ ಕೂತಾಗ ಟಾರ್ಚ್ ಹಿಡಿದು ಎತ್ತಿಕೊಂಡು ತಲೆಯನ್ನು ಕಂಕುಳಿಗೆ ಸೇರಿಸಿಕೊಳ್ಳುತ್ತೇನೆ. ಮೊಟ್ಟೆ ದ್ವಾರದ ಎರಡೂ ಪಕ್ಕ ಚೂಪಾದ ತೆಳು ಎಲುಬುಗಳು ಸಿಗುತ್ತವೆ. ನಡುವೆ ಮೂರು ಬೆರಳು ಸಲೀಸಾಗಿ ಕೂತು, ದ್ವಾರ ಅಗಲವಾಗಿ ತೇವವಾಗಿದ್ದರೆ ಇಡುತ್ತಿದೆ ಎಂದೇ ಅರ್ಥ. ಒಂದೇ ಬೆರಳು ಹಿಡಿಸಿ, ದ್ವಾರ ಒಣಗಿ ದುಂಡಗೆ ಮುದುಡಿದ್ದರೆ ನಿಲ್ಲಿಸಿದೆ. ನಾಟಿ ಹೇಂಟೆ ಗಾತ್ರದಲ್ಲಿ ಚಿಕ್ಕದು, ಅದಕ್ಕೆ ಎರಡು ಬೆರಳೇ ಸಾಕು. ಮೂರು ಬೆರಳು ಹುಡುಕುತ್ತಾ ಕೂತರೆ ಒಳ್ಳೆಯ ನಾಟಿಗಳೆಲ್ಲ ಮಾರಾಟವಾಗಿಬಿಡುತ್ತವೆ.

ಅನುಮಾನ ಉಳಿದವಕ್ಕೆ ಬಣ್ಣದ ಪ್ರಯೋಗ ಮಾಡುತ್ತೇನೆ. ಅಡುಗೆಗೆ ಹಾಕುವ ಬಣ್ಣವನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿ ಸಂಜೆ ದ್ವಾರದ ಸುತ್ತ ಹಚ್ಚಿಬಿಡುವುದು. ಬೆಳಿಗ್ಗೆ ಆ ಕೋಳಿಯ ಮೊಟ್ಟೆಯ ಮೇಲೆ ಗೀರು ಮೂಡಿರುತ್ತದೆ. ಕಂದು ಮೊಟ್ಟೆಯಲ್ಲಿ ಕೆಂಪು ಕಾಣಲಿಲ್ಲ. ನೀಲಿ, ಹಸಿರು ಚೆನ್ನಾಗಿ ಕಂಡವು. ಒಂದು ಸಲಕ್ಕೆ ಎರಡೇ ಕೋಳಿ, ಒಂದಕ್ಕೊಂದು ಬಣ್ಣ. ಹೀಗೆ ಹಚ್ಚುತ್ತಾ ಹೋದಾಗ ಯಾವ ಹೇಂಟೆಯದು ಉದ್ದ ಮೊಟ್ಟೆ, ಯಾವುದರದು ಚುಕ್ಕೆ ಇರುವ ಮೊಟ್ಟೆ ಎಂದು ನನಗೂ ಮನೆಯವಳಿಗೂ ಬಾಯಿಪಾಠವಾಯಿತು. ಈಗ ಬುಟ್ಟಿ ನೋಡಿಯೇ ಯಾವುದು ಇಟ್ಟಿಲ್ಲ ಎಂದು ಹೇಳಬಲ್ಲೆವು.

ಹಣ ಕೈಬಿಟ್ಟದ್ದು ಕಡಕ್‌ನಾಥ್‌ನಲ್ಲಿ. ಜೋಡಿಗೆ ಸಾವಿರದ ಮೇಲೆ ಕೊಟ್ಟು ತಂದವು, ಮಾರಿದವನು ಅಪ್ಪಟ ಎಂದು ಆಣೆ ಇಟ್ಟ. ಅರ್ಧಕ್ಕರ್ಧ ಕಪ್ಪು ಪುಕ್ಕದ ಮಿಶ್ರತಳಿಗಳು. ಬಾಯಿ ತೆರೆದು ನೋಡಿದರೆ ನಾಲಿಗೆ ಗುಲಾಬಿ. ಅಪ್ಪಟವಾದರೆ ನಾಲಿಗೆ, ಚರ್ಮ, ಕಾಲು, ಉಗುರು ಎಲ್ಲವೂ ಕಪ್ಪು ಛಾಯೆಯಲ್ಲೇ ಇರಬೇಕು. ಅಪ್ಪಟವಾದವೂ ಮೊಟ್ಟೆಯಲ್ಲಿ ನಾಟಿಗಿಂತ ಸ್ವಲ್ಪ ಮುಂದೆ ಅಷ್ಟೆ. ಆ ಬಾಬ್ತಿನಲ್ಲಿ ಒಟ್ಟು ಆರೇಳು ಸಾವಿರ ಹೋಯಿತು. ನಾಲ್ಕು ಉಳಿಸಿಕೊಂಡಿದ್ದೇನೆ, ಕೇಳಿಕೊಂಡು ಬರುವ ಗಿರಾಕಿಗಳಿದ್ದಾರೆ.

ಗಿರಿರಾಜ ತಳಿಯನ್ನೂ ಸಾಕಿ ಕೈಬಿಟ್ಟೆ. ಮೈಭಾರ ಹೆಚ್ಚು, ಮಾಂಸಕ್ಕೆ ಒಳ್ಳೆಯದು. ಆದರೆ ಕಾಡುಬೆಕ್ಕು ಬಂದರೆ ಓಡಲಾರದು. ಹೆಬ್ಬಾಳದ ಪಶುವೈದ್ಯ ಕಾಲೇಜಿನದೇ ಸ್ವರ್ಣಧಾರಾ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು, ತಪ್ಪಿಸಿಕೊಳ್ಳುತ್ತದೆ, ಮೊಟ್ಟೆಯೂ ಜಾಸ್ತಿ. ನನ್ನಲ್ಲಿ ವರ್ಷಕ್ಕೆ ನೂರೈವತ್ತರ ಮೇಲೆ ಇಟ್ಟವು ಹಲವಿವೆ. ನಾಟಿ ಐವತ್ತು, ಅರವತ್ತು.

ಹಾಗಾದರೆ ನಾಟಿ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಸ್ವರ್ಣಧಾರಾ, ಗ್ರಾಮಪ್ರಿಯ ಕಾವಿಗೆ ಕೂರುವುದಿಲ್ಲ. ಮರಿಗಳಿಗೆ ಶಾಖ ಕೊಡುವ ಬ್ರೂಡರ್ ನನಗೆ ನಾಟಿಯೇ. ಮೊದಲ ತಂಡದ ಮರಿಗಳಿಗೆ ಬಲ್ಬು ಹಾಕಿ ಸಾಕಿದಾಗ ಕರೆಂಟು ಕೈಕೊಟ್ಟ ರಾತ್ರಿಗಳಲ್ಲಿ ಒಂದರ ಮೇಲೊಂದು ಬಿದ್ದು ಕಾಲು ಭಾಗ ಸತ್ತವು. ಈಗ ಒಂದು ದಿನದ ಮರಿ ಬರುವ ತಾರೀಕು ನೋಡಿಕೊಂಡು ನಾಟಿಗಳನ್ನು ಕಾವಿಗೆ ಕೂರಿಸುತ್ತೇನೆ. ಎರಡೂವರೆ, ಮೂರು ವಾರ ಕೂತದ್ದರ ಕೆಳಗೆ ರಾತ್ರಿ ಕತ್ತಲಲ್ಲಿ ಮೊಟ್ಟೆ ತೆಗೆದು ಮರಿ ತೂರಿಸಿದರೆ ಬೆಳಗಾಗುವಷ್ಟರಲ್ಲಿ ಅವು ಅದರ ಮಕ್ಕಳು. ಹಗಲಲ್ಲಿ ಮಾಡಿದರೆ ಕುಕ್ಕುತ್ತದೆ. ಒಂದು ಹೇಂಟೆಗೆ ಹನ್ನೆರಡು ಮರಿ ಸಾಕು, ಚಳಿಯಲ್ಲಿ ಹತ್ತು. ಐದಾರು ನಾಟಿಗಳು ಒಂದೇ ವಾರದಲ್ಲಿ ಕಾವಿಗೆ ಬರುವಂತೆ ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಮೂರು ವರ್ಷ ಹಿಡಿದಿದೆ.

ಮೇವಿನ ಜಗಳಕ್ಕೆ ಬಿದಿರು ಸಾಕಾಯಿತು. ನಾಲ್ಕು ಬೆರಳು ಸಂದು ಬಿಟ್ಟು ಗಳು ಕಟ್ಟಿದ ಮೂಲೆಗೆ ಮರಿಗಳು ಮಾತ್ರ ನುಗ್ಗುತ್ತವೆ. ಮರಿ ಮೇವು ಅಲ್ಲೇ. ಮೊಟ್ಟೆ ಕೋಳಿಗೆಂದೇ ಮಾಡುವ ಲೇಯರ್ ಮೇವು ತರುವುದನ್ನೇ ನಿಲ್ಲಿಸಿದೆ, ಅದರಲ್ಲಿರುವ ಸುಣ್ಣ ಬೆಳೆಯುವ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ದೊಡ್ಡವಕ್ಕೆಲ್ಲ ಬೆಳೆಯುವ ಕೋಳಿಯ ಗ್ರೋಯರ್ ಮೇವು, ರಾಗಿ, ಮೆಕ್ಕೆಜೋಳದ ನುಚ್ಚು ಸೇರಿ ಸಂಜೆ ತಲೆಗೆ ಐವತ್ತು, ಅರವತ್ತು ಗ್ರಾಂ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಿನಲ್ಲಿ. ಮೊಟ್ಟೆ ಇಡುವ ಕೋಳಿ ತಾನಾಗಿ ಹೋಗಿ ಮುಕ್ಕುತ್ತದೆ, ಉಳಿದವು ಮೂಸಿಯೂ ನೋಡುವುದಿಲ್ಲ. ಸಂಜೆ ಆ ಬಟ್ಟಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರೂ ಯಾವುದು ಇಡುತ್ತಿದೆ ಎಂಬ ಅಂದಾಜು ಸಿಗುತ್ತದೆ. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಸೊಪ್ಪನ್ನೂ ಬೆಳೆಸಿ ನೋಡಿದೆ. ಹಳದಿ ಲೋಳೆಯ ಬಣ್ಣ ಏರಿತು, ಮೊಟ್ಟೆ ಸಂಖ್ಯೆ ಏರಲಿಲ್ಲ, ಬೇಸಿಗೆಯಲ್ಲಿ ತೊಟ್ಟಿಗೆ ನೀರು ಹೊಂಚುವುದೇ ದೊಡ್ಡ ಕೆಲಸವಾಗಿ ಬಿಟ್ಟೆ.

ಕೊಕ್ಕರೆ ರೋಗ (ರಾಣಿಖೇತ್) ಒಮ್ಮೆ ಸಂತೆಯ ಹುಂಜದ ಜೊತೆ ಬಂದು ಇಪ್ಪತ್ತಕ್ಕೂ ಹೆಚ್ಚು ಕೋಳಿ ಹೊತ್ತುಕೊಂಡು ಹೋಯಿತು. ಲಸಿಕೆ ಸೀಸೆ ನೂರು ಕೋಳಿಯ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ನಾಲ್ಕು ಮನೆಯವರು ಸೇರಿ ಐಸ್ ಡಬ್ಬಿಯಲ್ಲಿ ತಂದು ಬೆಳಕು ಹರಿಯುವ ಮೊದಲೇ ಹಾಕಿ ಮುಗಿಸುತ್ತೇವೆ. ಈ ರೋಗದ ಎರಡು ಲಸಿಕೆಗಳಲ್ಲಿ ಮೊದಲ ವಾರ ಲಸೋಟ, ಎಂಟು ವಾರ ದಾಟಿದ ಮೇಲೆ ಆರ್‌ಟುಬಿ. ಮನೆಯಲ್ಲೇ ಒಡೆದ ನಾಟಿ ಮರಿಗಳನ್ನೂ ಬಿಡುವುದಿಲ್ಲ. ನಾಟಿಗೆ ರೋಗ ಬರುವುದಿಲ್ಲ ಎನ್ನುವವರ ಮಾತು ಕೇಳಬೇಡಿ.

ಹಣದ ಲೆಕ್ಕ ಬಾಯಿಗೆ ಬಂದಷ್ಟು ಹೇಳುತ್ತೇನೆ. ತಿಂಗಳಿಗೆ ಮೇವು ಮೂರು ಸಾವಿರದ ಹತ್ತಿರ, ಲಸಿಕೆ, ಇತರೆ ಮುನ್ನೂರು. ಮೊಟ್ಟೆ ಹನ್ನೆರಡು ರೂಪಾಯಿಗೆ ಮನೆ ಬಾಗಿಲಿನಲ್ಲೇ ಹೋಗುತ್ತದೆ. ನಾಟಿಯದನ್ನು ಮಾತ್ರ ಬೇರೆ ಇಟ್ಟು ಹದಿನೈದಕ್ಕೆ ಮಾರುತ್ತೇನೆ. ಎರಡನ್ನೂ ಬೆರೆಸಿ ನಾಟಿ ಮೊಟ್ಟೆ ಎಂದು ಮಾರುವವರಿದ್ದಾರೆ, ನನಗೆ ಅದು ಬೇಡ. ಒಳ್ಳೆಯ ತಿಂಗಳಲ್ಲಿ ಏಳು ಸಾವಿರ ಕೈಯಲ್ಲಿ ಉಳಿಯುತ್ತದೆ, ಪುಕ್ಕ ಉದುರುವ ತಿಂಗಳುಗಳಲ್ಲಿ ಅರ್ಧವೂ ಇಲ್ಲ. ಆ ಸಮಯದಲ್ಲೇ ಕಣ್ಣಿಟ್ಟಿರಬೇಕು. ತಡವಾಗಿ ಶುರುಮಾಡಿ ಒಂದೇ ಸಲಕ್ಕೆ ಪುಕ್ಕ ಉದುರಿಸಿ ಮುಗಿಸುವುದು ಒಳ್ಳೆಯ ಹೇಂಟೆ. ಎಲ್ಲಕ್ಕಿಂತ ಮೊದಲು ಶುರುಮಾಡಿ ತಿಂಗಳುಗಟ್ಟಲೆ ಎಳೆಯುವುದನ್ನು ಉಂಗುರ ಹಾಕಿ ಗುರುತಿಟ್ಟುಕೊಳ್ಳುತ್ತೇನೆ. ಅವು ಯುಗಾದಿ ಮರುದಿನದ ಹೊಸತೊಡಕಿಗೆ ಹೋಗುತ್ತವೆ. ಆ ದಿನ ತಿಪಟೂರಿನಲ್ಲಿ ಕೇಳಿದ ಬೆಲೆ ಸಿಗುತ್ತದೆ, ಬಂದ ಹಣದಲ್ಲಿ ಮುಂದಿನ ತಂಡದ ಮರಿ ಬರುತ್ತದೆ.