ವಿಸೆಂಟರ್ ನಿಂತಿದೆಯಾ? ರೀಬೂಟ್ ಮಾಡುವ ಮೊದಲು ಇಷ್ಟು ನೋಡಿ

ಬ್ರೌಸರಿನಲ್ಲಿ ವಿಸೆಂಟರ್ (ವಿಎಂವೇರ್‌ನ ವರ್ಚುವಲ್ ಮೆಷಿನ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್) ವಿಳಾಸ ಹಾಕುತ್ತೀರಿ. ಲಾಗಿನ್ ಪುಟದ ಬದಲು ಖಾಲಿ ಪುಟ, ಮೇಲೆ ‘ನೋ ಹೆಲ್ದಿ ಅಪ್‌ಸ್ಟ್ರೀಮ್’ ಎಂಬ ಒಂದೇ ಸಾಲು. ಹಳೆಯ ಆವೃತ್ತಿಯಾದರೆ 503 ಎರರ್. ಅಷ್ಟರಲ್ಲಿ ಫೋನ್ ಬೇರೆ ಬಡಿದುಕೊಳ್ಳುತ್ತಿರುತ್ತದೆ.

ಗಾಬರಿ ಬೇಡ. ವಿಸೆಂಟರ್ ಬಿದ್ದರೆ ವರ್ಚುವಲ್ ಮೆಷಿನ್‌ಗಳು ಬೀಳುವುದಿಲ್ಲ. ಅವು ಓಡುವುದು ಇಎಸ್‌ಎಕ್ಸ್‌ಐ ಹೋಸ್ಟ್‌ಗಳ (ಅಂದರೆ ಭೌತಿಕ ಸರ್ವರ್‌ಗಳ) ಮೇಲೆ, ವಿಸೆಂಟರ್ ಬರೀ ಮೇಸ್ತ್ರಿ. ಮೇಸ್ತ್ರಿ ಬರದ ದಿನವೂ ಗೋಡೆ ನಿಂತೇ ಇರುತ್ತದೆ ಅಲ್ವಾ? ಹೈ ಅವೈಲಬಿಲಿಟಿ (ಒಂದು ಹೋಸ್ಟ್ ಬಿದ್ದರೆ ಅದರ ಮೆಷಿನ್‌ಗಳನ್ನು ಬೇರೆ ಹೋಸ್ಟ್‌ನಲ್ಲಿ ಎಬ್ಬಿಸುವ ವ್ಯವಸ್ಥೆ) ಮೊದಲೇ ಹಾಕಿದ್ದರೆ ಅದೂ ಕೆಲಸ ಮಾಡುತ್ತಲೇ ಇರುತ್ತದೆ, ಅದರ ಏಜೆಂಟ್ ಹೋಸ್ಟ್‌ಗಳ ಒಳಗೇ ಕೂತಿದೆ. ಸಿಗದೇ ಹೋಗುವುದು ವಿಮೋಷನ್ (ಓಡುತ್ತಿರುವ ಮೆಷಿನನ್ನು ಬೇರೆ ಹೋಸ್ಟ್‌ಗೆ ಸಾಗಿಸುವುದು), ಡಿಆರ್‌ಎಸ್ (ಹೋಸ್ಟ್‌ಗಳ ನಡುವೆ ಹೊರೆ ಹಂಚುವುದು), ಟೆಂಪ್ಲೇಟಿನಿಂದ ಹೊಸ ಮೆಷಿನ್ ಮಾಡುವುದು, ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನಲ್ಲಿ ಬದಲಾವಣೆ, ಜೊತೆಗೆ ವಿಸೆಂಟರ್ ಮೂಲಕವೇ ಹೋಗುವ ಬ್ಯಾಕಪ್‌ಗಳು. ತುರ್ತಾಗಿ ಒಂದು ಮೆಷಿನ್ ಆನ್ ಮಾಡಬೇಕಾ? ಆ ಹೋಸ್ಟ್‌ಗೇ ನೇರ ಲಾಗಿನ್ ಆಗಿ ಮಾಡಿ. ಅಂದರೆ ನಿಮ್ಮ ಕೈಯಲ್ಲಿ ಸಮಯ ಇದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಮ್ಮೆ ನನಗೆ ಒಂದು ಪ್ಲಗಿನ್ ಪುಟ ಮಾತ್ರ ತೆರೆಯುತ್ತಿರಲಿಲ್ಲ. ವೆಬ್ ಕ್ಲೈಂಟಿನ ಒಂದೇ ಸರ್ವಿಸ್ ರೀಸ್ಟಾರ್ಟ್ ಮಾಡಿದ್ದರೆ ಮುಗಿಯುತ್ತಿತ್ತು. ನಾನು ಸುಮ್ನೆ ಪೂರ್ತಿ ರೀಬೂಟ್ ಕೊಟ್ಟೆ. ಒಳಗಿನ ಸರ್ಟಿಫಿಕೇಟ್ ಒಂದರ ಅವಧಿ ಕೆಲವು ದಿನಗಳ ಹಿಂದೆಯೇ ಮುಗಿದಿತ್ತು, ಆದರೆ ಓಡುತ್ತಿದ್ದ ಸರ್ವಿಸ್‌ಗಳು ಹಳೆಯ ಗುರುತಿನ ಮೇಲೇ ಹೇಗೋ ಓಡುತ್ತಿದ್ದವು, ರೀಬೂಟ್ ಆದ ಮೇಲೆ ಒಂದೂ ಮೇಲೆ ಏಳಲಿಲ್ಲ. ಹತ್ತು ನಿಮಿಷದ ಕೆಲಸ ರಾತ್ರಿ ಇಡೀ ಹಿಡಿಯಿತು. ತಪ್ಪು ನನ್ನದೇ.

ಸರಿ, ಕೆಲಸಕ್ಕೆ ಬರೋಣ. ವಿಂಡೋಸ್ ಮೇಲೆ ಓಡುವ ವಿಸೆಂಟರ್ 6.7ಕ್ಕೇ ಮುಗಿಯಿತು. 7.0 ರಿಂದ ಇರುವುದು ಫೋಟಾನ್ ಓಎಸ್ ಎಂಬ ಲಿನಕ್ಸ್ ಮೇಲಿನ ಅಪ್ಲೈಯನ್ಸ್ (ಎಲ್ಲ ಸೇರಿಸಿ ಸಿದ್ಧವಾಗಿ ಬರುವ ವರ್ಚುವಲ್ ಮೆಷಿನ್) ಮಾತ್ರ, ಹಾಗಾಗಿ ಇಲ್ಲಿ ಹೇಳುವುದೂ ಅದರದ್ದೇ.

ಮೊದಲ ಹೆಜ್ಜೆ: ಅದೇ ವಿಳಾಸದ ಕೊನೆಗೆ ಕೋಲನ್ ಹಾಕಿ 5480 ಪೋರ್ಟ್ ಸೇರಿಸಿ. ಇದು ಅಪ್ಲೈಯನ್ಸ್‌ನದ್ದೇ ಬೇರೆ ಪುಟ, ಮುಖ್ಯ ಕ್ಲೈಂಟ್ ಸತ್ತರೂ ಇದು ಬದುಕಿರುವುದು ಜಾಸ್ತಿ. ರೂಟ್ ಹೆಸರಿನಲ್ಲಿ ಲಾಗಿನ್ ಆಗಿ. ಪಾಸ್‌ವರ್ಡ್ ತಪ್ಪು ಅಂತ ಬಂದರೆ ಮರೆತಿದ್ದೀರಿ ಅಂತಲೇ ಅಲ್ಲ. ಡಿಫಾಲ್ಟ್ ಸೆಟ್ಟಿಂಗ್ ಹಾಗೇ ಬಿಟ್ಟಿದ್ದರೆ ರೂಟ್ ಪಾಸ್‌ವರ್ಡ್ 90 ದಿನಕ್ಕೆ ಮುಗಿಯುತ್ತದೆ. ಒಳಗೆ ಹೋದ ಮೇಲೆ ಎಡಗಡೆ ಸರ್ವಿಸಸ್ ಒತ್ತಿ. ಪ್ರತಿಯೊಂದರ ಹೆಸರು, ಸ್ಟಾರ್ಟಪ್ ಬಗೆ, ಆರೋಗ್ಯ, ಸ್ಥಿತಿ ಎಲ್ಲ ಸಾಲಾಗಿ ಕಾಣುತ್ತದೆ. ಒಂದನ್ನು ಆರಿಸಿದರೆ ಮೇಲೆ ಸ್ಟಾರ್ಟ್, ಸ್ಟಾಪ್, ರೀಸ್ಟಾರ್ಟ್ ಗುಂಡಿಗಳು.

ಇಲ್ಲಿ ಹೊಸಬರು ಎಡವುತ್ತಾರೆ. ‘ಸ್ಟಾಪ್ಡ್’ ಅಂತ ಇರುವುದೆಲ್ಲ ಕೆಟ್ಟಿದೆ ಎಂದಲ್ಲ. ಇಮೇಜ್ ಬಿಲ್ಡರ್, ಆಟೊ ಡಿಪ್ಲಾಯ್, ನೆಟ್‌ಡಂಪರ್, ವಿಸೆಂಟರ್ ಹೈ ಅವೈಲಬಿಲಿಟಿ ಇವೆಲ್ಲ ನೀವು ಬಳಸದಿದ್ದರೆ ನಿಂತೇ ಇರುತ್ತವೆ, ಅವನ್ನು ಎಬ್ಬಿಸುವ ಕೆಲಸ ಬೇಡ. ಸ್ಟಾರ್ಟಪ್ ಬಗೆ ಆಟೋಮ್ಯಾಟಿಕ್ ಅಂತಿದ್ದೂ ನಿಂತಿರುವುದು ಯಾವುದು, ಅಷ್ಟನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಆ ಪುಟವೂ ತೆರೆಯದಿದ್ದರೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗಿ ಕಮಾಂಡ್ ಹೊಡೆಯುವ ದಾರಿ). ಅದೂ ಬಂದ್ ಇದ್ದರೆ ಹೋಸ್ಟ್ ಮೂಲಕ ಅಪ್ಲೈಯನ್ಸ್‌ನ ಕನ್ಸೋಲ್‌ಗೆ ಹೋಗಿ. ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋದರೆ ‘ಕಮಾಂಡ್’ ಎಂಬ ಪ್ರಾಂಪ್ಟ್ ಬರುತ್ತದೆ. ಅಲ್ಲಿ ‘ಶೆಲ್’ ಎಂದು ಟೈಪ್ ಮಾಡಿದರೆ ಮಾಮೂಲಿ ಲಿನಕ್ಸ್. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಹೊಡೆಯಿರಿ.

ಸರ್ವಿಸ್ ಮುಟ್ಟುವ ಮೊದಲು ಡಿಸ್ಕ್ ನೋಡಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತದೆ. ‘ಡಿಎಫ್ -ಎಚ್’ ಹೊಡೆದರೆ ‘ಸ್ಟೋರೇಜ್’ ಅಡಿಯಲ್ಲಿ ಲಾಗ್, ಡಿಬಿ, ಸೀಟ್, ಕೋರ್, ಆರ್ಕೈವ್ ಅಂತ ಬೇರೆ ಬೇರೆ ಪಾರ್ಟಿಷನ್‌ಗಳು ಕಾಣುತ್ತವೆ. ಲಾಗ್ 100 ಪರ್ಸೆಂಟ್ ಮುಟ್ಟಿದರೆ ಸರ್ವಿಸ್‌ಗಳಿಗೆ ಒಂದು ಸಾಲು ಬರೆಯಲೂ ಜಾಗ ಇಲ್ಲ, ಅವು ಏಳುವುದಿಲ್ಲ. ಡಿಬಿಯಲ್ಲಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಸೀಟ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್, ಈವೆಂಟ್, ಅಲಾರ್ಮ್, ಟಾಸ್ಕ್‌ಗಳು. ಇವು ತುಂಬಿ 95 ಪರ್ಸೆಂಟ್ ಆದರೆ ಡೇಟಾಬೇಸ್ ಕೆಡದಿರಲಿ ಅಂತ ವಿಸೆಂಟರ್‌ನ ಮುಖ್ಯ ಸರ್ವಿಸ್ ವಿಪಿಎಕ್ಸ್‌ಡಿ ತಾನೇ ನಿಂತುಬಿಡುತ್ತದೆ. ಆರ್ಕೈವ್ ತುಂಬಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಅದು ತುಂಬುವಂತೆಯೇ ಮಾಡಿಟ್ಟಿರುವ ಜಾಗ, ಹಳೆಯದನ್ನು ಅದೇ ತೆಗೆಯುತ್ತದೆ.

ತುಂಬಿದ್ದನ್ನು ಖಾಲಿ ಮಾಡುವಾಗ ಕೈ ಹಗುರ ಇರಲಿ. ಕಂಪ್ರೆಸ್ ಆದ ಹಳೆಯ ಲಾಗ್, ಕೋರ್‌ನಲ್ಲಿ ಬಿದ್ದಿರುವ ಹಳೆಯ ಡಂಪ್ ಫೈಲ್ ಅಳಿಸಬಹುದು. ಡಿಬಿ, ಸೀಟ್ ಒಳಗಿನ ಒಂದೇ ಒಂದು ಫೈಲನ್ನೂ ಕೈಯಿಂದ ಅಳಿಸಬೇಡಿ. ಸರ್ವಿಸ್ ಇನ್ನೂ ಬರೆಯುತ್ತಿರುವ ಲಾಗ್ ಅಳಿಸಿದರೆ ಫೈಲ್ ಮಾಯವಾಗುತ್ತದೆ, ಜಾಗ ಮಾತ್ರ ವಾಪಸ್ ಬರುವುದಿಲ್ಲ, ಆ ಸರ್ವಿಸ್ ಅದನ್ನು ಬಿಡುವ ತನಕ ಲಿನಕ್ಸ್ ಹಿಡಿದುಕೊಂಡೇ ಇರುತ್ತದೆ. ಅಂಥದ್ದನ್ನು ಅಳಿಸದೆ ಬರಿದು ಮಾಡಿ. ಜಾಗವೇ ಸಾಲದು ಅನ್ನಿಸಿದರೆ ಹೋಸ್ಟ್ ಕಡೆಯಿಂದ ಆ ಡಿಸ್ಕ್ ದೊಡ್ಡದು ಮಾಡಿ, ಅಪ್ಲೈಯನ್ಸ್ ಒಳಗಿನ ‘ಆಟೋಗ್ರೋ’ ಸ್ಕ್ರಿಪ್ಟ್ ಓಡಿಸಿ, ರೀಬೂಟ್ ಬೇಕಿಲ್ಲ. ಸ್ನ್ಯಾಪ್‌ಶಾಟ್ (ಬೇಕಾದರೆ ಹಿಂದಕ್ಕೆ ಹೋಗಲು ಹಿಡಿದಿಟ್ಟ ಆ ಕ್ಷಣದ ಸ್ಥಿತಿ) ಇರುವ ಡಿಸ್ಕನ್ನು ದೊಡ್ಡದು ಮಾಡಲು ಬರುವುದಿಲ್ಲ, ಹಾಗಾಗಿ ಮೊದಲು ಡಿಸ್ಕ್, ಆಮೇಲೆ ಸ್ನ್ಯಾಪ್‌ಶಾಟ್.

ಡಿಸ್ಕ್ ಸರಿ ಇದೆಯಾ? ಹಾಗಾದರೆ ಗಡಿಯಾರ ಮತ್ತು ಹೆಸರು. ‘ಡೇಟ್’ ಹೊಡೆದು ಹೊತ್ತು ನೋಡಿ. ವಿಸೆಂಟರ್‌ನ ಪೂರ್ತಿ ಹೆಸರು ಡಿಎನ್‌ಎಸ್‌ನಲ್ಲಿ ಎರಡೂ ದಿಕ್ಕಿಗೆ (ಹೆಸರಿನಿಂದ ಐಪಿ ವಿಳಾಸ, ಐಪಿ ವಿಳಾಸದಿಂದ ಹೆಸರು) ಸಿಗುತ್ತಿದೆಯಾ ನೋಡಿ.

ಆಮೇಲೆ ಸರ್ಟಿಫಿಕೇಟ್. ಈಗಿನ ಆವೃತ್ತಿಗಳಲ್ಲಿ ವಿಸೆಂಟರ್ ತಾನೇ ಕೊಟ್ಟುಕೊಳ್ಳುವ ಮೆಷಿನ್ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ 2 ವರ್ಷ ಆಯಸ್ಸು. ‘ವೆಕ್ಸ್-ಸಿಎಲ್‌ಐ’ (vecs-cli) ಎಂಬ ಕಮಾಂಡಿನಿಂದ ಒಂದೊಂದು ಸ್ಟೋರಿನಲ್ಲಿರುವ ಸರ್ಟಿಫಿಕೇಟಿನ ಕೊನೆಯ ದಿನ ನೋಡಬಹುದು. ಮುಗಿದಿದ್ದರೆ ‘ಸರ್ಟಿಫಿಕೇಟ್-ಮ್ಯಾನೇಜರ್’ ಮೆನುವಿನಲ್ಲಿ 8ನೇ ಆಯ್ಕೆ ಎಲ್ಲವನ್ನೂ ಹೊಸದಾಗಿ ಮಾಡುತ್ತದೆ. ‘ಎಲ್ಲ’ ಅಂದರೂ ಲಾಗಿನ್ ಟೋಕನ್‌ಗಳಿಗೆ ಸಹಿ ಹಾಕುವ ಎಸ್‌ಟಿಎಸ್ ಸರ್ಟಿಫಿಕೇಟ್ ಅದರಲ್ಲಿ ಸೇರಿಲ್ಲ. ಅದಕ್ಕೆ ಬೇರೆಯೇ ದಾರಿ, ಅದನ್ನು ಬೇರೆಯಾಗಿಯೇ ನೋಡಬೇಕು. ಇದಕ್ಕೆ ಕೈ ಹಾಕುವ ಮೊದಲು ಸ್ನ್ಯಾಪ್‌ಶಾಟ್ ಕಡ್ಡಾಯ. ನಿಮ್ಮಲ್ಲಿ ಎರಡು ಮೂರು ವಿಸೆಂಟರ್‌ಗಳು ಲಿಂಕ್ಡ್ ಮೋಡ್‌ನಲ್ಲಿದ್ದರೆ (ಒಂದಕ್ಕೊಂದು ಜೋಡಿಸಿದ್ದರೆ) ಎಲ್ಲವನ್ನೂ ಆಫ್ ಮಾಡಿ ಒಟ್ಟಿಗೇ ತೆಗೆಯಿರಿ. ಒಂದನ್ನು ಮಾತ್ರ ಹಿಂದಕ್ಕೆ ಕರೆದೊಯ್ದರೆ ಉಳಿದವುಗಳ ಜೊತೆ ಲೆಕ್ಕ ತಪ್ಪುತ್ತದೆ.

ಈಗ ಸರ್ವಿಸ್‌ಗಳ ಸರದಿ. ಕಮಾಂಡಿನ ಹೆಸರು ‘ಸರ್ವಿಸ್-ಕಂಟ್ರೋಲ್’. ಅದರ ನಂತರ ಎರಡು ಅಡ್ಡಗೆರೆ ಹಾಕಿ ‘ಸ್ಟೇಟಸ್’, ಮತ್ತೆ ಎರಡು ಅಡ್ಡಗೆರೆ ಹಾಕಿ ‘ಆಲ್’. ಓಡುತ್ತಿರುವುದು ಒಂದು ಗುಂಪು, ನಿಂತಿರುವುದು ಇನ್ನೊಂದು ಗುಂಪಾಗಿ ಬರುತ್ತದೆ. ಹೆಸರುಗಳು ಸ್ವಲ್ಪ ಒರಟು. ವಿಪಿಎಕ್ಸ್‌ಡಿ ಅಂದರೆ ವಿಸೆಂಟರ್‌ನ ಜೀವ. ವಿಸ್ಫಿಯರ್-ಯುಐ ಅಂದರೆ ನೀವು ಬ್ರೌಸರಿನಲ್ಲಿ ನೋಡುವ ಕ್ಲೈಂಟ್. ವಿಎಂಡಿರ್‌ಡಿ, ವಿಎಂಎಎಫ್‌ಡಿಡಿ, ವಿಎಂಸಿಎಡಿ ಈ ಮೂರು ಗುರುತು ಮತ್ತು ಸರ್ಟಿಫಿಕೇಟಿನ ಅಡಿಪಾಯ, ಇವು ಏಳದಿದ್ದರೆ ಮೇಲಿನದು ಏನೂ ಏಳುವುದಿಲ್ಲ. ಹತ್ತು ಸರ್ವಿಸ್ ನಿಂತಿದ್ದರೆ ಹತ್ತಕ್ಕೂ ಬೇರೆ ಬೇರೆ ರೋಗ ಅಂದುಕೊಳ್ಳಬೇಡಿ, ಎಲ್ಲಕ್ಕಿಂತ ಕೆಳಗಿನದನ್ನು ಹುಡುಕಿ.

ಕ್ಲೈಂಟ್ ಮಾತ್ರ ಕೈ ಕೊಟ್ಟಿದ್ದರೆ ‘ಸ್ಟೇಟಸ್’ ಜಾಗದಲ್ಲಿ ‘ರೀಸ್ಟಾರ್ಟ್’ ಹಾಕಿ, ‘ಆಲ್’ ಬಿಟ್ಟು ವಿಸ್ಫಿಯರ್-ಯುಐ ಹೆಸರು ಕೊಡಿ. ವಿಪಿಎಕ್ಸ್‌ಡಿ ರೀಸ್ಟಾರ್ಟ್ ಮಾಡುವ ಮುಂಚೆ ನಡೆಯುತ್ತಿರುವ ಬ್ಯಾಕಪ್, ಕ್ಲೋನ್ ಇದೆಯಾ ವಿಚಾರಿಸಿ, ಮಧ್ಯಕ್ಕೆ ಕಡಿದರೆ ಅರ್ಧ ಸ್ನ್ಯಾಪ್‌ಶಾಟ್‌ಗಳು ಉಳಿದುಕೊಳ್ಳುತ್ತವೆ. ಎಲ್ಲವನ್ನೂ ಎಬ್ಬಿಸಲೇಬೇಕು ಅಂದರೆ ‘ಸ್ಟಾಪ್ ಆಲ್’, ಆಮೇಲೆ ‘ಸ್ಟಾರ್ಟ್ ಆಲ್’. ಯಾವುದು ಮೊದಲು ಏಳಬೇಕು ಎಂಬ ಸರದಿ ಅಪ್ಲೈಯನ್ಸೇ ನೋಡಿಕೊಳ್ಳುತ್ತದೆ. ಕಾಲು ಗಂಟೆ ಹಿಡಿಯಬಹುದು. ಸ್ಕ್ರೀನ್ ಅಲುಗಾಡದೆ ನಿಂತಿದೆ ಅಂತ ಕಂಟ್ರೋಲ್-ಸಿ ಒತ್ತಬೇಡಿ.

ಸ್ಟಾರ್ಟ್ ಆಗದೆ ಫೇಲ್ ಅಂತ ಬಂದರೆ ಮತ್ತೆ ಮತ್ತೆ ಅದೇ ಕಮಾಂಡ್ ಹೊಡೆದು ಉಪಯೋಗವಿಲ್ಲ. ‘ವಾರ್’ ಒಳಗೆ ‘ಲಾಗ್’, ಅದರೊಳಗೆ ‘ವಿಎಂವೇರ್’ ಫೋಲ್ಡರ್, ಅಲ್ಲಿ ಸರ್ವಿಸ್‌ಗೊಂದು ಫೋಲ್ಡರ್ ಇದೆ. ಮೊದಲು ‘ವಿಮಾನ್’ (vmon) ಲಾಗ್ ತೆಗೆಯಿರಿ, ಮಿಕ್ಕ ಸರ್ವಿಸ್‌ಗಳನ್ನು ಎಬ್ಬಿಸಿ ಕಾಯುವುದು ಇದೇ, ಹಾಗಾಗಿ ಮೊದಲು ಬಿದ್ದದ್ದು ಯಾರು ಎಂಬುದು ಇಲ್ಲಿ ಸಿಗುತ್ತದೆ. ಆಮೇಲೆ ಆ ಸರ್ವಿಸ್‌ನ ಲಾಗ್ ತೆಗೆದು ಕೊನೆಯಿಂದ ಮೇಲಕ್ಕೆ ಓದಿ.

ಎಲ್ಲ ಹಸಿರಾದ ಮೇಲೂ ಕ್ಲೈಂಟ್ ತೆರೆಯಲು ಇನ್ನೊಂದೈದು ನಿಮಿಷ ಕೊಡಿ. ಹೋಸ್ಟ್‌ಗಳೆಲ್ಲ ಕನೆಕ್ಟ್ ಆಗಿವೆಯಾ ನೋಡಿ, ಸರ್ಟಿಫಿಕೇಟ್ ಬದಲಾಗಿದ್ದರೆ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಹೊಸದನ್ನು ಒಪ್ಪಿಕೊಂಡು ಒಂದು ಜಾಬ್ ಓಡಿಸಿ. ಅದು ಸರಿಯಾಗಿ ಮುಗಿದರೆ, ತೆಗೆದಿಟ್ಟ ಸ್ನ್ಯಾಪ್‌ಶಾಟನ್ನು ಅವತ್ತೇ ಅಳಿಸಿ.