ತಂತ್ರಾಂಶಕ್ಕೆ ಕೈಪಿಡಿ ಬರೆಯುವ ಬಗೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದಕ್ಕೆ ಮೆಕ್ಕೆಜೋಳದ ತೂಕ, ದರ ಮತ್ತು ಹಮಾಲಿಯ ಲೆಕ್ಕವಿಡುವ ಸಣ್ಣ ತಂತ್ರಾಂಶವೊಂದನ್ನು ನಾನು ಮಾಡಿಕೊಟ್ಟಿದ್ದೆ. ಕೆಲಕಾಲದ ಮೇಲೆ ಅದನ್ನು ನೋಡಿಕೊಳ್ಳಲು ಬಂದ ಎಂಜಿನಿಯರಿಂಗ್ ವಿದ್ಯಾರ್ಥಿನಿ ನನ್ನ ರೀಡ್‌ಮಿ ಕಡತವನ್ನು, ಅಂದರೆ ತಂತ್ರಾಂಶದ ಜೊತೆಗೆ ಇಡುವ ಕೈಪಿಡಿಯನ್ನು, ಮುಂದಿಟ್ಟುಕೊಂಡು ಮೂರು ತಾಸು ಕುಳಿತರೂ ತಂತ್ರಾಂಶ ಚಾಲೂ ಆಗಲಿಲ್ಲ. ನಾನು ಬರೆದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಲೆಕ್ಕದ ಮಾಹಿತಿಯನ್ನು ಇಟ್ಟುಕೊಳ್ಳುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೊದಲೇ ಚಾಲನೆಯಲ್ಲಿರಬೇಕೆಂಬ ಮಾತನ್ನು, ನನಗೆ ಅದು ಅಭ್ಯಾಸವಾಗಿ ಹೋಗಿದ್ದರಿಂದ, ಬರೆದೇ ಇರಲಿಲ್ಲ.

ಆದ್ದರಿಂದ ಕೈಪಿಡಿಯ ಮೊದಲ ಕರಡು ಮುಗಿದ ಕೂಡಲೇ, ಆ ತಂತ್ರಾಂಶವನ್ನು ಎಂದೂ ಕಾಣದ ಒಬ್ಬರನ್ನು ಹೊಸ ಕಂಪ್ಯೂಟರಿನ ಮುಂದೆ ಕೂರಿಸಿ, ನೀವು ಪಕ್ಕದಲ್ಲಿ ಬಾಯಿ ಬಿಡದೆ ಕುಳಿತುಕೊಳ್ಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲೊಂದು ವಾಕ್ಯ ಕಡಿಮೆಯಿದೆ. ಬಾಯಿಮಾತಿನಲ್ಲಿ ಹೇಳಿಕೊಡುವ ಆಸೆಯನ್ನು ತಡೆದು, ಆ ವಾಕ್ಯವನ್ನು ಕಡತದಲ್ಲೇ ಬರೆಯಿರಿ.

ರೀಡ್‌ಮಿಯ ಆರಂಭದಲ್ಲಿ ತಂತ್ರಾಂಶ ಏನು ಮಾಡುತ್ತದೆ, ಯಾರಿಗಾಗಿ ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಸಾಕು. ಅನುಸ್ಥಾಪನೆಯ ಭಾಗಕ್ಕೆ ಮಾತ್ರ ಧಾರಾಳವಾಗಿ ಜಾಗ ಕೊಡಿ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯಾವ ಆವೃತ್ತಿ ಬೇಕು, ಕಮಾಂಡನ್ನು ಯಾವ ಫೋಲ್ಡರಿನಿಂದ ಕೊಡಬೇಕು, ಕೊಟ್ಟ ಮೇಲೆ ಪರದೆಯಲ್ಲಿ ಏನು ಕಾಣಬೇಕು ಎಂಬುದೆಲ್ಲ ಅಲ್ಲಿರಲಿ. ‘ಕನೆಕ್ಷನ್ ರಿಫ್ಯೂಸ್ಡ್’ (ಸಂಪರ್ಕ ನಿರಾಕರಿಸಲಾಗಿದೆ) ಎಂಬಂಥ ದೋಷಸಂದೇಶವನ್ನು ಪರದೆಯಲ್ಲಿ ಬರುವಂತೆಯೇ ನಕಲಿಸಿ, ಡೇಟಾಬೇಸ್ ಚಾಲೂ ಇದೆಯೇ, ಸಂಪರ್ಕಕ್ಕೆ ಅದು ಸಾಮಾನ್ಯವಾಗಿ ಬಳಸುವ 5432ನೇ ಪೋರ್ಟಿನಲ್ಲೇ (ಸಂಪರ್ಕದ್ವಾರದಲ್ಲೇ) ಇದೆಯೇ ಎಂದು ನೋಡುವ ಬಗೆಯನ್ನು ಅದರ ಕೆಳಗೇ ತಿಳಿಸಿ. ಸಿಕ್ಕಿಹಾಕಿಕೊಂಡವರು ಹುಡುಕುವುದು ಆ ಸಂದೇಶವನ್ನೇ.

ಫಂಕ್ಷನ್ನುಗಳ, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಣುಕುಗಳ, ವಿವರಣೆಯಲ್ಲಿ ಕೋಡ್ ಹೇಳುವುದನ್ನೇ ಮತ್ತೆ ಹೇಳಬೇಡಿ. ನನ್ನ ಕೋಡಿನಲ್ಲಿ 14 ಎಂಬ ಅಂಕಿಯೊಂದಿತ್ತು. ಕಾಳಿನ ತೇವಾಂಶ ಶೇ. 14 ದಾಟಿದರೆ ಎಚ್ಚರಿಕೆ ತೋರಿಸಬೇಕೆಂದು ಅಂಗಡಿಯವರು ಕೇಳಿದ್ದರು. ಆ ಕಾರಣ ನನ್ನ ತಲೆಯಲ್ಲಿ ಮಾತ್ರ ಇದ್ದುದರಿಂದ, ವಿದ್ಯಾರ್ಥಿನಿ ಅದನ್ನು ಮುಟ್ಟಲೂ ಹೆದರಿದಳು. ಕೋಡಿನಿಂದ ತಾನಾಗಿ ತಿಳಿಯದ ಇಂಥ ‘ಏಕೆ’ಗಳೇ ಕೈಪಿಡಿಯ ನಿಜವಾದ ಸತ್ವವೆಂದು ನಾನು ಭಾವಿಸುತ್ತೇನೆ.

ತಂತ್ರಾಂಶಕ್ಕೆ ಆಗದ ಕೆಲಸವನ್ನೂ ಬರೆಯಬೇಕು. 1971ರ ನವೆಂಬರಿನಲ್ಲಿ ಹೊರಬಂದ, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿಯಲ್ಲೇ ಕಮಾಂಡುಗಳ ವಿವರಣೆಯ ಜೊತೆಗೆ ‘ಬಗ್ಸ್’ (ದೋಷಗಳು) ಎಂಬ ಭಾಗವಿತ್ತು. ಯುನಿಕ್ಸ್ ರೂಪಿಸಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ತಮ್ಮದೇ ಕೆಲಸದ ಕೊರತೆಗಳನ್ನು ಮುಚ್ಚಿಡದೆ ಅಲ್ಲಿ ಬರೆದರು. ಅಂಥ ಪ್ರಾಮಾಣಿಕತೆ ಓದುಗರ ಎಷ್ಟೋ ದಿನಗಳನ್ನು ಉಳಿಸುತ್ತದೆ.

ಅಂಗಡಿಯ ಗುಮಾಸ್ತರಿಗೆ ಬೇಕಾದದ್ದು ಬೇರೆಯೇ ಕೈಪಿಡಿ. ಅದನ್ನು ಕನ್ನಡದಲ್ಲಿ, ಅವರಾಡುವ ಮಾತಿನಲ್ಲೇ ಬರೆಯಿರಿ. ಅವರು ‘ಚೀಲ’ ಎನ್ನುವುದನ್ನು ನನ್ನ ಪರದೆ ‘ಯೂನಿಟ್’ ಎನ್ನುತ್ತಿತ್ತು. ಅದನ್ನು ವಿವರಿಸಲು ಒಂದು ಪ್ಯಾರಾ ಬರೆದ ಮೇಲೆ, ಬದಲಾಗಬೇಕಾದದ್ದು ಪರದೆಯ ಪದವೆಂದು ಹೊಳೆಯಿತು. ಪದ ಬದಲಿಸಿ, ಪ್ಯಾರಾ ಅಳಿಸಿದೆ.

ಎರಡೂ ಕೈಪಿಡಿಗಳನ್ನು ಕೋಡಿನ ಜೊತೆಗೇ, ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ರೆಪೊಸಿಟರಿಯಲ್ಲಿಡಿ. ಕೋಡ್ ಬದಲಿಸುವ ಕಮಿಟ್‌ನಲ್ಲೇ (ದಾಖಲಾಗುವ ಬದಲಾವಣೆಯಲ್ಲೇ) ಅದಕ್ಕೆ ಸಂಬಂಧಿಸಿದ ಪುಟವೂ ತಿದ್ದಿರಬೇಕು; ತಿದ್ದಿರದಿದ್ದರೆ, ಪರಿಶೀಲಿಸುವವರು ಆ ಬದಲಾವಣೆಯನ್ನು ಒಪ್ಪದೆ ಹಿಂದಿರುಗಿಸಲಿ.